ನೂಲಿನ ಊರಿನಲ್ಲಿ ಹೆವಿ ಮೆಟಲ್

ದಾವಣಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಒಂದು ಸಣ್ಣ ಕೋಣೆ ಇದೆ. ಮೊದಲು ಅಲ್ಲಿ ಮೆಕ್ಕೆಜೋಳದ ಚೀಲ ಇಡುತ್ತಿದ್ದೆವು. ಈಗ ಭಾನುವಾರ ಮಧ್ಯಾಹ್ನ ಅಕ್ಕನ ಮಗ ತನ್ನ ಇಬ್ಬರು ಗೆಳೆಯರೊಂದಿಗೆ ಅಲ್ಲಿ ಹೆವಿ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತ ನುಡಿಸುತ್ತಾನೆ. ಸದ್ದು ಹೊರಗೆ ಹೋಗಬಾರದೆಂದು ಹುಡುಗರು ಮೊದಲು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದರು. ಕೋಣೆಯೊಳಗಿನ ಮಾರ್ದನಿ ತುಸು ಕಡಿಮೆಯಾಯಿತು, ಅಷ್ಟೆ. ಸದ್ದನ್ನು ತಡೆಯಲು ತೂಕ ಬೇಕು, ಟ್ರೇಗೆ ತೂಕವೆಲ್ಲಿದೆ? ಕೊನೆಗೆ ಅಟ್ಟದ ಮೇಲಿದ್ದ ಹಳೆಯ ಹತ್ತಿ ಹಾಸಿಗೆಗಳನ್ನು ಇಳಿಸಿ ಗೋಡೆಗೆ ಒರಗಿಸಿದರು. ಪಕ್ಕದ ಮನೆಯವರ ದೂರು ನಿಂತಿಲ್ಲ, ಆದರೆ ದೂರಿನ ದನಿ ತಗ್ಗಿದೆ.

ಮನೆಗೆ ಬಂದ ನೆಂಟರು ಮೆಟ್ಟಿಲ ಬುಡದಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ: "ಇದು ದೆವ್ವದ ಹಾಡಂತೆ, ಹೌದೇನಪ್ಪ?" ಅವರನ್ನು ನಾನು ದೂರುವುದಿಲ್ಲ. ಇಂಗ್ಲೆಂಡ್, ಅಮೆರಿಕದ ಪತ್ರಕರ್ತರೂ ಐವತ್ತು ವರ್ಷಗಳಿಂದ ಇದನ್ನೇ ಕೇಳುತ್ತಾ ಬಂದಿದ್ದಾರೆ. ಹುಡುಗರ ದೆಸೆಯಿಂದ ನಾನೂ ಹಾರ್ಡ್ ರಾಕ್, ಹೆವಿ ಮೆಟಲ್ ಸಂಗೀತಗಾರರ ಸಂದರ್ಶನಗಳನ್ನು ಓದುವ, ಕೇಳುವ ಚಟ ಹತ್ತಿಸಿಕೊಂಡೆ. ಅಲ್ಲಿ ನನಗೆ ಕಂಡದ್ದು ಇಷ್ಟು. ದೆವ್ವದ ಪ್ರಶ್ನೆಗೆ ಅವರಲ್ಲಿ ಬಹಳ ಮಂದಿ ನಕ್ಕು, ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಬೆರಳು, ತಂತಿ, ಕಾರ್ಖಾನೆ, ಅಜ್ಜಿ, ಹೊಲಿಗೆ ಯಂತ್ರ, ಇವುಗಳ ಮಾತು ಬಂದರೆ ನಿಲ್ಲಿಸುವುದೇ ಇಲ್ಲ. ಈ ಸಂಗೀತ ಏನೆಂದು ತಿಳಿಯಬೇಕಾದರೆ ಆ ಎರಡನೆಯ ಬಗೆಯ ಮಾತಿಗೆ ಕಿವಿ ಕೊಡಬೇಕು. ಇದು ಕೈಕಸುಬಿನವರ ಸಂಗೀತ. ಕಸುಬುದಾರನನ್ನು ಮಾತನಾಡಿಸುವಂತೆ ಮಾತನಾಡಿಸಿದರೆ ಮಾತ್ರ ಬಾಯಿ ಬಿಡುತ್ತದೆ.

ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಐಯೋಮಿಯ ಮಾತಿನಿಂದಲೇ ಶುರು ಮಾಡೋಣ. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕೆಲಸ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ. 1965ರಲ್ಲಿ, ಹದಿನೇಳನೆಯ ವಯಸ್ಸಿಗೆ, ಸಂಗೀತವನ್ನೇ ನಂಬಿ ಆ ಕೆಲಸ ಬಿಡಲು ಹೊರಟಿದ್ದ. ಅದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ; ತಾಯಿ ಬಿಡಲಿಲ್ಲ, ದಿನ ಪೂರ್ತಿ ಮಾಡಿ ಬಾ ಎಂದಳು. ಆ ಮಧ್ಯಾಹ್ನವೇ ಯಂತ್ರ ಅವನ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳನ್ನು ತೆಗೆದುಕೊಂಡಿತು. ಅವನು ಎಡಚ. ಎಡಚರಿಗೆ ತಂತಿ ಮೀಟುವುದು ಎಡಗೈ, ಸ್ವರ ಒತ್ತುವುದು ಬಲಗೈ. ಹೋದದ್ದು ಒತ್ತುವ ಬೆರಳುಗಳೇ.

ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಆಗ ಅವನಿಗೆ ಒಂದು ಧ್ವನಿಮುದ್ರಿಕೆ ತಂದು ಕೇಳಿಸಿದರು. ನುಡಿಸಿದವನು ಜಾಂಗೋ ರೈನ್‌ಹಾರ್ಟ್. ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳಿನಲ್ಲಿ ಗಿಟಾರಿನ ಮೇಲೆ ಓಡಾಡಿದ ಮಹಾನುಭಾವ. ಐಯೋಮಿ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿಗೆ ಟೊಪ್ಪಿಗೆಯಂತೆ ಮಾಡಿಕೊಂಡು, ಮೇಲೆ ಚರ್ಮದ ತುಂಡು ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು, ಅದಕ್ಕೆ ಬ್ಯಾಂಜೊ ವಾದ್ಯದ ತೆಳು ತಂತಿಗಳನ್ನು ತಂದು ಹಾಕಿದ. ಮುಂದೆ ತಂತಿಯ ಬಿಗಿಯನ್ನೂ ಇಳಿಸಿದ. 1971ರಲ್ಲಿ ಬಂದ ತಂಡದ ಮೂರನೆಯ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಶ್ರುತಿ ಮೂರು ಸ್ವರಸ್ಥಾನ ಕೆಳಗಿದೆ. ಅಷ್ಟು ಇಳಿಸಿದರೆ ತಂತಿಯ ಬಿಗಿ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಬೆರಳಿಗೆ ಹಿತ, ಸದ್ದಿಗೆ ಭಾರ. ಇಂದು ಲೋಕದ ಯಾವ ಮೂಲೆಯಲ್ಲಿ ಮೆಟಲ್ ನುಡಿಸಿದರೂ ಕೇಳಿಬರುವ ಆ ತಗ್ಗಿದ, ಮಂದ್ರದ ಗುಡುಗಿಗೆ ಮೂಲ, ಒಬ್ಬ ಕಾರ್ಮಿಕ ತನ್ನ ಗಾಯಕ್ಕೆ ಕಂಡುಕೊಂಡ ಉಪಾಯ.

ಈ ಕಥೆಯನ್ನು ನಮ್ಮಪ್ಪನಿಗೆ ಹೇಳಿದೆ. ಅವರು ಇಲ್ಲಿಯ ಒಂದು ಹತ್ತಿ ಮಿಲ್ಲಿನ ನೂಲುವ ವಿಭಾಗದಲ್ಲಿ ಇಡೀ ಜೀವನ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲವನ್ನೂ, ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲವನ್ನೂ ಕಂಡವರು. ಕಿವಿ ಈಗ ಮಂದ. ಮಿಲ್ಲಿನಲ್ಲೇ ಅರ್ಧ ಹೋಯಿತು, ಉಳಿದರ್ಧ ವಯಸ್ಸಿಗೆ. ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದ್ದನ್ನೆಲ್ಲ ಕೇಳಿ ಅವರು ಹೇಳಿದ್ದು ಒಂದೇ ಮಾತು: "ಕೊನೆಯ ದಿನವೇ ಕೈ ಸಿಗುವುದು. ಮನಸ್ಸು ಆಗಲೇ ಗೇಟಿನ ಹೊರಗೆ ಹೋಗಿರುತ್ತದೆ."

ಈಗ ಸದ್ದಿನ ವಿಷಯ. ಎಲೆಕ್ಟ್ರಿಕ್ ಗಿಟಾರಿನ ಆ ಒಡಕು ದನಿಗೆ ಡಿಸ್ಟಾರ್ಷನ್ ಎಂದು ಹೆಸರು. ಮಂಡಕ್ಕಿ ಅಂಗಡಿಯಲ್ಲಿ ಸೇರು ಅಳೆಯುವುದನ್ನು ನೆನೆಯಿರಿ. ಅಂಚು ಮೀರಿ ಗೋಪುರವಾಗಿ ಏರಿದ ಮಂಡಕ್ಕಿಯನ್ನು ಅಂಗೈಯಿಂದ ಸವರಿದರೆ ಮೇಲ್ಭಾಗ ಚಪ್ಪಟೆಯಾಗುತ್ತದೆ. (ಒಳ್ಳೆಯ ಅಂಗಡಿಯವರು ಸವರುವುದಿಲ್ಲ, ಆ ಮಾತು ಬೇರೆ.) ಆಂಪ್ಲಿಫೈಯರ್‌ಗೂ ಹೀಗೊಂದು ಅಂಚು ಇದೆ, ಅದಕ್ಕಿಂತ ಎತ್ತರದ ಅಲೆಯನ್ನು ಅದು ಕೊಡಲಾರದು. ಅದರ ಶಕ್ತಿ ಮೀರಿ ಕೇಳಿದಾಗ ಅಲೆಯ ನೆತ್ತಿಯನ್ನು ಸವರಿ ಹಾಕುತ್ತದೆ. ಹಾಗೆ ನೆತ್ತಿ ಹೋದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಆವರ್ತನದ ಮರಿಸ್ವರಗಳು ಹುಟ್ಟುತ್ತವೆ. ಇನ್ನೊಂದು ಫಲವೂ ಇದೆ. ಎತ್ತರದ ಅಲೆ, ತಗ್ಗಿದ ಅಲೆ ಎರಡೂ ಒಂದೇ ಮಟ್ಟಕ್ಕೆ ಬರುವುದರಿಂದ ಸ್ವರ ಬೇಗ ಸಾಯುವುದಿಲ್ಲ. ಪಿಟೀಲಿನ ಕಮಾನು ಎಳೆದಂತೆ ನಿಲ್ಲುತ್ತದೆ. ಜಾತ್ರೆಯ ಮೈಕ್ ಸೆಟ್ಟಿನಲ್ಲಿ ನಾವು ಶಪಿಸುವ ದೋಷವನ್ನೇ ಇವರು ಗುಣವೆಂದು ಸಾಕಿಕೊಂಡರು. 1958ರಲ್ಲಿ ಅಮೆರಿಕದ ಲಿಂಕ್ ರೇ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹೊಡೆದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಕ್ಷೌರದ ಬ್ಲೇಡಿನಿಂದ ಅದನ್ನು ಸೀಳಿದ. ಈಗ ಅದೇ ಕೆಲಸಕ್ಕೆ ಕಾಲಿನಿಂದ ಒತ್ತುವ ಸಣ್ಣ ಪೆಟ್ಟಿಗೆ ಸಿಗುತ್ತದೆ.

ಒಡಕು ದನಿಯಲ್ಲಿ ಸೊಗಸು ಕಾಣುವುದು ನಮಗೇನೂ ಹೊಸದಲ್ಲ. ತಂಬೂರಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿಗೆ ಕುದುರೆ ಎಂದು ಹೆಸರು. ಅದರ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಸೇರಿಸುತ್ತಾರಲ್ಲ, ಕರ್ನಾಟಕ ಸಂಗೀತದವರು ಜೀವಾಳಿ ಎನ್ನುತ್ತಾರೆ. ಧಾರವಾಡದ ಕಡೆಯವರ ಬಾಯಲ್ಲಿ ಅದರಿಂದ ಏಳುವ ಝೇಂಕಾರ ಜವಾರಿ. ಆ ಎಳೆ ಇಲ್ಲದ ತಂಬೂರಿ ಟಂಯ್ ಎಂದು ಸುಮ್ಮನಾಗುತ್ತದೆ. ಎಳೆಯನ್ನು ಸರಿಯಾದ ಜಾಗಕ್ಕೆ ಸರಿಸಿದೊಡನೆ ತಂತಿ ಕುದುರೆಗೆ ತಾಗಿ ತಾಗಿ ಝೇಂಕರಿಸಿ, ಯಾರೂ ಮೀಟದ ಗಾಂಧಾರ, ಅಂದರೆ ಸರಿಗಮದ ಗ, ತಾನಾಗಿ ಕೇಳುತ್ತದೆ. ಸ್ವಯಂಭೂ ಸ್ವರ ಎಂದು ನಾವು ಕೈ ಮುಗಿಯುವುದು ಅದಕ್ಕೇ. ಶುದ್ಧ ಸ್ವರವನ್ನು ಬೇಕೆಂದೇ ಕೆಡಿಸಿ ಒಳಗಿನದನ್ನು ಹೊರಗೆ ತರುವ ವಿದ್ಯೆ ಎರಡು ಕಡೆಯೂ ಒಂದೇ. ನಾವು ಒಂದು ನೂಲಿನಿಂದ ಮಾಡಿದ್ದನ್ನು ಅವರು ನೂರು ವಾಟ್‌ನಿಂದ ಮಾಡಿದರು.

ತಂಬೂರಿಯ ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ಮೆಟಲ್ಲಿನ ಇಟ್ಟಿಗೆ ಎಂದರೆ ಪವರ್ ಕಾರ್ಡ್. ಹೆಸರು ದೊಡ್ಡದು, ಒಳಗಿರುವುದು ಷಡ್ಜ ಮತ್ತು ಪಂಚಮ, ಅಂದರೆ ಸ ಮತ್ತು ಪ; ಬೇಕಿದ್ದರೆ ಮೇಲೊಂದು ತಾರ ಷಡ್ಜ, ಅಂದರೆ ಮೇಲಿನ ಸ. ಗಾಂಧಾರ ಇಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಒಂದು ಸ್ವರಗುಚ್ಛ ನಗುತ್ತದೆಯೋ ಅಳುತ್ತದೆಯೋ ಎಂದು ಹೇಳುವುದು ಗಾಂಧಾರ; ಅದನ್ನು ತೆಗೆದರೆ ಮುಖಭಾವವಿಲ್ಲದ ಕಲ್ಲಿನ ಗೋಡೆ ಉಳಿಯುತ್ತದೆ. ಬಿಟ್ಟದ್ದು ಯಾಕೆ ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. ಡಿಸ್ಟಾರ್ಷನ್ ಹಾಕಿ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ, ಅವೆರಡರ ಆವರ್ತನಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯ ಸ್ವರವೊಂದು ಹುಟ್ಟುತ್ತದೆ. ಷಡ್ಜ 110 ಹರ್ಟ್ಸ್ ಇದ್ದರೆ ಪಂಚಮ ಸುಮಾರು 165. ವ್ಯತ್ಯಾಸ 55, ಅಂದರೆ ಅದೇ ಷಡ್ಜದ ಮಂದ್ರ. ಯಾರೂ ಮುಟ್ಟದ ಮಂದ್ರ ಷಡ್ಜ ತಾನೇ ಕೆಳಗೆ ಬಂದು ಕೂರುತ್ತದೆ. ನಡುವೆ 138.6ರ ಗಾಂಧಾರ ಸೇರಿಸಿ ನೋಡಿ. ಒಂದು ಕಡೆಯಿಂದ 28.6, ಇನ್ನೊಂದು ಕಡೆಯಿಂದ 26ರ ಆಸುಪಾಸು ಎರಡು ಕೆಳದನಿಗಳು ಹುಟ್ಟಿ ಒಂದನ್ನೊಂದು ಕಚ್ಚುತ್ತವೆ. ಕಿವಿಗೆ ಬರುವುದು ಕೆಸರು. ಬೆರಳು ಕಳೆದುಕೊಂಡವನಿಗೆ ಎರಡು ಸ್ವರದ ಗುಚ್ಛವೇ ಸುಲಭ, ಒಡಕು ದನಿಗೂ ಎರಡು ಸ್ವರದ ಗುಚ್ಛವೇ ಹಿತ. ಐಯೋಮಿಯ ಕೈಯಲ್ಲಿ ಎರಡೂ ಕೂಡಿಬಂದವು.

ದೆವ್ವದ ಮಾತು ಎಲ್ಲಿಂದ ಬಂತು ಎಂದೂ ಹೇಳಬೇಕು. ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು, ಶುಕ್ರವಾರ, ಹೊರಬಂತು. ಧ್ವನಿಮುದ್ರಣ ಒಂದೇ ದಿನದ ಕೆಲಸ. ಅಭ್ಯಾಸದ ಕೋಣೆಯ ಎದುರಿನ ಚಿತ್ರಮಂದಿರದಲ್ಲಿ ಭಯಾನಕ ಚಿತ್ರಗಳಿಗೆ ಜನ ಸಾಲು ನಿಲ್ಲುವುದನ್ನು ನೋಡಿ, ಹೆದರುವುದಕ್ಕೆ ಕಾಸು ಕೊಡುವವರಿದ್ದಾರೆ ಎಂದು ತಂಡದವರಿಗೆ ಹೊಳೆಯಿತು; ಇದನ್ನು ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ತಂಡದ ಹೆಸರೂ ಒಂದು ಸಿನಿಮಾದ್ದೇ. ಆ ಆಲ್ಬಮ್ಮಿನ ಮೊದಲ ಹಾಡು ಮೂರು ಸ್ವರಗಳ ಮೇಲೆ ನಿಂತಿದೆ: ಷಡ್ಜ, ತಾರ ಷಡ್ಜ, ಆಮೇಲೆ ಪ್ರತಿ ಮಧ್ಯಮ (ಎರಡು ಬಗೆಯ ಮ ಸ್ವರದಲ್ಲಿ ಮೇಲಿನದು). ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ನಡುವಿನ ಆ ಅಂತರವನ್ನು ಯೂರೋಪಿನ ಸಂಗೀತಶಾಸ್ತ್ರ ಹಿಂದೆ ಸಂಗೀತದೊಳಗಿನ ಸೈತಾನ ಎಂದು ಕರೆದಿತ್ತು. ಚರ್ಚು ಅದನ್ನು ನಿಷೇಧಿಸಿತ್ತು ಎಂಬುದು ಕಟ್ಟುಕಥೆ. ಹಾಡಲು ಕಷ್ಟ, ಕಿವಿಗೆ ಒರಟು ಎಂದು ದೂರ ಇಟ್ಟಿದ್ದರು.

ನಮ್ಮಲ್ಲಿ ಪ್ರತಿ ಮಧ್ಯಮಕ್ಕೆ ಇಂಥ ಅಪಕೀರ್ತಿ ಇಲ್ಲ. ಮದುವೆ ಮನೆಯಲ್ಲಿ ವಾಲಗದವರು ಕಲ್ಯಾಣಿ ಎತ್ತಿಕೊಂಡರೆ ಅಲ್ಲಿರುವುದು ಅದೇ ಮಧ್ಯಮ. ಒಂದೇ ಸ್ವರ ಅಲ್ಲಿ ಸೈತಾನ, ಇಲ್ಲಿ ಮಂಗಳ. ವ್ಯತ್ಯಾಸ ಇರುವುದು ಸ್ವರದಲ್ಲಲ್ಲ, ಅದನ್ನು ಇಡುವ ಬಗೆಯಲ್ಲಿ. ಕಲ್ಯಾಣಿಯಲ್ಲಿ ಅದು ಗಾಂಧಾರ, ಪಂಚಮಗಳ ಕೈ ಹಿಡಿದು ಗಮಕದೊಡನೆ ಓಡಾಡುತ್ತದೆ. ಐಯೋಮಿ ಅದನ್ನು ಬತ್ತಲೆಯಾಗಿ, ನಿಧಾನವಾಗಿ, ಮಳೆಯ ಸದ್ದಿನ ನಡುವೆ ಒಂಟಿಯಾಗಿ ನಿಲ್ಲಿಸಿಬಿಟ್ಟ. ಸಂಗೀತ ಕಲಿತವರಿಗೆ ಇನ್ನೊಂದು ಸುಳಿವು: ಮೆಟಲ್ಲಿನವರು ಬಹಳ ಇಷ್ಟಪಡುವ ಸ್ವರಶ್ರೇಣಿಗಳು ನಮ್ಮ ತೋಡಿ ಮತ್ತು ವಕುಳಾಭರಣದವು. ಷಡ್ಜದ ಪಕ್ಕದಲ್ಲೇ ಶುದ್ಧ ರಿಷಭ ಒರೆಸಿಕೊಂಡು ನಿಲ್ಲುವ ಆ ಇಕ್ಕಟ್ಟು ಅವರಿಗೆ ಬೇಕು.

ಹಾರ್ಡ್ ರಾಕ್ ಯಾವುದು, ಹೆವಿ ಮೆಟಲ್ ಯಾವುದು ಎಂಬ ಜಗಳಕ್ಕೆ ಹೆಚ್ಚು ಹೊತ್ತು ಬೇಡ. ಎರಡೂ ಅಮೆರಿಕದ ಕರಿಯರ ಬ್ಲೂಸ್ ಸಂಗೀತದ ಮಕ್ಕಳು. ಬ್ಲೂಸ್‌ನಲ್ಲಿ ತಿಶ್ರ ನಡೆಯ, ಅಂದರೆ ಮೂರರ ಎಣಿಕೆಯ, ತೂಗಾಟ ಇದೆ. ಹಾರ್ಡ್ ರಾಕ್ ಆ ತೂಗಾಟ ಉಳಿಸಿಕೊಂಡಿತು. ಮೆಟಲ್ ಅದನ್ನು ಬರಬರುತ್ತಾ ಉಜ್ಜಿ ತೆಗೆದು ನೆಟ್ಟನೆಯ ಚತುರಶ್ರಕ್ಕೆ, ನಾಲ್ಕರ ಎಣಿಕೆಗೆ, ಬಂತು. ಸಂಗೀತಗಾರರನ್ನೇ ಕೇಳಿದರೆ ಹಣೆಪಟ್ಟಿಯನ್ನು ಒಪ್ಪುವವರು ಕಡಿಮೆ. ಮೋಟರ್‌ಹೆಡ್ ತಂಡದ ಲೆಮ್ಮಿ ಸಾಯುವವರೆಗೂ ತಾನು ನುಡಿಸುವುದು ರಾಕ್ ಅಂಡ್ ರೋಲ್ ಎಂದೇ ಹಟ ಹಿಡಿದ. ಎಸಿ/ಡಿಸಿ ತಂಡದ ಹೆಸರಿನಲ್ಲಿ ಏನೇನೋ ಗೂಢಾರ್ಥ ಹುಡುಕಿದವರಿದ್ದಾರೆ. ತಂಡ ಕಟ್ಟಿದ ಯಂಗ್ ಸಹೋದರರು ಹೇಳಿದ್ದು ಬೇರೆ: ಅಕ್ಕ ಮಾರ್ಗರೆಟ್ ಹೊಲಿಗೆ ಯಂತ್ರದ ಮೇಲೆ ಆ ಅಕ್ಷರಗಳನ್ನು ನೋಡಿ ಸೂಚಿಸಿದಳು. ಎರಡೂ ಬಗೆಯ ವಿದ್ಯುತ್ತಿಗೆ ನಡೆಯುತ್ತದೆ ಎಂಬುದಷ್ಟೇ ಅದರ ಅರ್ಥ. ತಮ್ಮ ಆಂಗಸ್ ವೇದಿಕೆಯ ಮೇಲೆ ಶಾಲಾ ಸಮವಸ್ತ್ರ ತೊಡುವುದೂ ಅವಳ ಸಲಹೆಯೇ. ಇಂಥ ಅಕ್ಕಂದಿರು ಇಲ್ಲದ ತಂಡಗಳು ಎಷ್ಟು ಮುಳುಗಿದವೋ.

ಕೈಯಿಂದ ಮಾಡುವ ಕೊಂಬಿನ ಮುದ್ರೆಯ ಕಥೆಯೂ ಹೀಗೇ ಮನೆಯೊಳಗಿನದು. ತೋರುಬೆರಳು, ಕಿರುಬೆರಳು ಎತ್ತಿ ಉಳಿದವನ್ನು ಮಡಚುವ ಆ ಮುದ್ರೆ ಸೈತಾನನದೆಂದು ಎಷ್ಟೋ ಜನ ಬೆಚ್ಚಿದ್ದಾರೆ. ಅದನ್ನು ಮೆಟಲ್ ವೇದಿಕೆಯಲ್ಲಿ ಬಳಕೆಗೆ ತಂದ ಗಾಯಕ ರಾನಿ ಜೇಮ್ಸ್ ಡಿಯೊ 1979ರಲ್ಲಿ ಬ್ಲ್ಯಾಕ್ ಸಬ್ಬತ್ ಸೇರಿದವನು. ಹಿಂದಿನ ಗಾಯಕ ಓಜಿ ಆಸ್ಬರ್ನ್ ಎರಡು ಬೆರಳೆತ್ತಿ ಶಾಂತಿಯ ಗುರುತು ತೋರಿಸುತ್ತಿದ್ದ; ಅದನ್ನೇ ನಕಲು ಮಾಡುವುದು ಬೇಡವೆಂದು ಡಿಯೊ ತನ್ನ ಇಟಲಿ ಮೂಲದ ಅಜ್ಜಿಯಿಂದ ಕಲಿತದ್ದನ್ನು ಎತ್ತಿದ. ಕೆಟ್ಟ ಕಣ್ಣು ತಾಗದಿರಲೆಂದು ಅಜ್ಜಿ ಮಾಡುತ್ತಿದ್ದ ಮುದ್ರೆ ಅದು. ನಮ್ಮ ಮನೆಗಳಲ್ಲಿ ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರಲ್ಲ, ಅದೇ ದೃಷ್ಟಿ ತೆಗೆಯುವ ಕೆಲಸ. ಸಂಶಯಪಟ್ಟು ಬಂದಿದ್ದ ನೆಂಟರೊಬ್ಬರಿಗೆ ಇದನ್ನು ಹೇಳಿದಾಗ ಅವರ ಮುಖ ಸಡಿಲವಾಯಿತು.

ಸಂಗೀತಗಾರನನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆಗಳಲ್ಲಿ ಅತ್ಯಂತ ಗಂಭೀರವಾದವು ಪತ್ರಿಕೆಯಲ್ಲಿ ಬಂದವಲ್ಲ. 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹಾಡುಗಳ ಸಾಹಿತ್ಯದ ವಿಚಾರಣೆ ನಡೆಯಿತು. ಟ್ವಿಸ್ಟೆಡ್ ಸಿಸ್ಟರ್ ತಂಡದ ಗಾಯಕ ಡೀ ಸ್ನೈಡರ್ ತೋಳಿಲ್ಲದ ಡೆನಿಮ್ ಅಂಗಿ, ಕೆದರಿದ ಕೂದಲಿನಲ್ಲಿ ಬಂದು, ಜೇಬಿನಿಂದ ಮಡಚಿದ ಕಾಗದ ತೆಗೆದು ಓದಿದ. ತನಗೆ ಮೂವತ್ತು ವರ್ಷ, ಮದುವೆಯಾಗಿದೆ, ಮೂರು ವರ್ಷದ ಮಗನಿದ್ದಾನೆ, ಕುಡಿಯುವುದಿಲ್ಲ, ಸೇದುವುದಿಲ್ಲ ಎಂದ. ತನ್ನ ಒಂದು ಹಾಡಿನಲ್ಲಿ ಹಿಂಸೆಯ ಕಾಮ ಇದೆ ಎಂಬ ಆರೋಪಕ್ಕೆ ಅವನು ಕೊಟ್ಟ ಉತ್ತರ ಇನ್ನೂ ಚೆನ್ನಾಗಿದೆ: ಅದು ತಂಡದ ಗಿಟಾರ್ ವಾದಕನ ಗಂಟಲಿನ ಶಸ್ತ್ರಚಿಕಿತ್ಸೆಯ ಹೆದರಿಕೆಯ ಬಗ್ಗೆ ಬರೆದದ್ದು. ಕತ್ತಿ ಇತ್ತು ನಿಜ, ಅದು ವೈದ್ಯರ ಕೈಯಲ್ಲಿತ್ತು. ಆದರೂ ಆಲ್ಬಮ್ಮಿನ ಮೇಲೆ ಪೋಷಕರಿಗೆ ಎಚ್ಚರಿಕೆಯ ಚೀಟಿ ಬಂದೇ ಬಂತು. ಆ ಚೀಟಿ ಇದ್ದರೆ ಹುಡುಗರು ಇನ್ನಷ್ಟು ಆಸೆಯಿಂದ ಕೊಳ್ಳುತ್ತಾರೆ ಎಂದು ಸೆನೆಟರುಗಳಿಗೆ ಹೇಳಲು ಅಲ್ಲಿದ್ದ ಯಾವ ತಾಯಿಗೂ ತೋಚಲಿಲ್ಲವೇನೋ.

ನಮ್ಮ ಮಹಡಿಯ ಮೂವರಿಗೆ ಮರಳುತ್ತೇನೆ. ಬೇಸ್ ಗಿಟಾರಿನವನು ಚಿತ್ರದುರ್ಗದವನು, ಲೇತ್ ಕೆಲಸ ಮಾಡುತ್ತಾನೆ. ವಾರದ ರಜೆಯಲ್ಲಿ ಹೆದ್ದಾರಿ ಹಿಡಿದು ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಬರುತ್ತಾನೆ. ತಂಡದಲ್ಲಿ ಘರ್ಜಿಸುವವನೂ ಅವನೇ. ಮಾತನಾಡಿದರೆ ಬೆಣ್ಣೆಯಲ್ಲಿ ಕೂದಲು ತೆಗೆದಂಥ ದನಿ. ಮೈಕಿನ ಮುಂದೆ ನಿಂತರೆ ಬಯಲಾಟದ ರಾಕ್ಷಸನ ಪ್ರವೇಶ. ಗಂಟಲು ಹರಿಯುವುದಿಲ್ಲವೇ ಎಂದು ಕೇಳಿದೆ. "ಮೊದಲ ತಿಂಗಳು ಹರಿಯಿತು ಅಣ್ಣ. ಆಮೇಲೆ ಗೊತ್ತಾಯಿತು, ಕಿರುಚಬಾರದು," ಎಂದ. ಅವನು ಹೇಳಿದ್ದು ಸರಿ. ನಾವು ಮಾತನಾಡುವ ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಮಾತಿಗೆ ಅವು ಬೇಕಿಲ್ಲ, ನುಂಗುವಾಗ ಶ್ವಾಸನಾಳ ಮುಚ್ಚಲು ನೆರವಾಗುತ್ತವೆ. ಬಲ್ಲವರು ಹೊಟ್ಟೆಯಿಂದ ಅಳೆದು ಬಿಟ್ಟ ಉಸಿರಿನಲ್ಲಿ ಅವನ್ನು ನಡುಗಿಸುತ್ತಾರೆ. ಸದ್ದು ಕೇಳುವುದಕ್ಕೆ ಭಯಂಕರ, ನಿಜಕ್ಕೂ ಅಷ್ಟು ಜೋರಿಲ್ಲ. ಮೈಕನ್ನು ತುಟಿಗೆ ಅಂಟಿಸಿಕೊಳ್ಳುವುದು ಅದಕ್ಕೇ. ಬರೀ ಗಂಟಲಿನ ಬಲದಲ್ಲಿ ಅರಚಿದವರು ವರ್ಷದೊಳಗೆ ವೈದ್ಯರ ಬಾಗಿಲಲ್ಲಿ ಇರುತ್ತಾರೆ.

ಡ್ರಮ್ಮಿನ ಹುಡುಗ ದುಗ್ಗಮ್ಮನ ಜಾತ್ರೆಯಲ್ಲಿ ತಮಟೆ ಬಾರಿಸಿ ಬೆಳೆದವನು. ಎರಡು ಪೆಡಲುಗಳನ್ನು ಎರಡು ಕಾಲಿನಿಂದ ಒತ್ತುತ್ತಾನೆ. ನಿಮಿಷಕ್ಕೆ ಇನ್ನೂರು ತಾಳದ ಹಾಡಿನಲ್ಲಿ ತಾಳಕ್ಕೆ ನಾಲ್ಕು ಪೆಟ್ಟು ಎಂದರೆ ಸೆಕೆಂಡಿಗೆ ಹದಿಮೂರಕ್ಕೂ ಹೆಚ್ಚು. ಅಷ್ಟು ವೇಗದಲ್ಲಿ ಗಿಟಾರಿನವನು ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ, ಪ್ರತಿ ಮೀಟನ್ನೂ ಹುಟ್ಟಿದೊಡನೆ ಅದುಮುತ್ತಾನೆ. ಚಗ್ ಚಗ್ ಎನ್ನುವ ಆ ಸದ್ದು ಸ್ವರಕ್ಕಿಂತ ಹೆಚ್ಚಾಗಿ ತಾಳವಾದ್ಯದ್ದು. ಅದು ಡ್ರಮ್ಮಿನ ಪೆಟ್ಟಿನಿಂದ ಕೂದಲೆಳೆಯಷ್ಟು ತಪ್ಪಿದರೂ ಇಡೀ ಹಾಡು ಸಡಿಲ. ಇದರಲ್ಲಿ ಏನು ಸುಖ ಎಂದು ಅಳಿಯನನ್ನು ಕೇಳಿದ್ದೆ. "ಮಾಮ, ಬೇರೆ ಎಲ್ಲಿ ತಪ್ಪಿದರೂ ಮುಚ್ಚಿಹಾಕಬಹುದು. ಇಲ್ಲಿ ಮೂವರಿಗೂ ಅದೇ ಕ್ಷಣ ಗೊತ್ತಾಗುತ್ತದೆ," ಎಂದ. ಲೇತಿನ ಹುಡುಗ ತಲೆಯಾಡಿಸಿ, ಟೂಲ್ ಮೊಂಡಾದದ್ದನ್ನು ತಾನು ಕಣ್ಣಿಗಿಂತ ಮೊದಲು ಕಿವಿಯಿಂದ ಹಿಡಿಯುತ್ತೇನೆ ಎಂದ.

ಕಳೆದ ಭಾನುವಾರ ಅಪ್ಪ ಮೆಟ್ಟಿಲು ಹತ್ತಿ ಮೇಲೆ ಬಂದರು. ಹುಡುಗರು ಗಾಬರಿಯಿಂದ ನಿಲ್ಲಿಸಿದರು. ನುಡಿಸಿ ಎಂದು ಸನ್ನೆ ಮಾಡಿ, ಆಂಪ್ಲಿಫೈಯರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಒಂದು ಹಾಡು ಪೂರ್ತಿ ನಿಂತರು. ಯಂತ್ರದ ಹತ್ತಿರ ಮಾತು ಕೇಳಿಸದ ಕಡೆ ಮೂವತ್ತು ವರ್ಷ ಕೈಸನ್ನೆಯಲ್ಲೇ ಬದುಕಿದವರಿಗೆ ಅದು ಸಾಕಾಗಿತ್ತು. ಹಾಡು ಮುಗಿದ ಮೇಲೆ ಮೊಮ್ಮಗನ ಗಿಟಾರಿನ ಅತಿ ತೆಳುವಾದ ತಂತಿಯನ್ನು ಉಗುರಿನಿಂದ ತಡವಿ, "ಇದು ಎಷ್ಟರ ಕೌಂಟ್?" ಎಂದು ಕೇಳಿದರು.

"ಒಂಬತ್ತು, ಅಜ್ಜ," ಎಂದು ಅವನು ಕಿವಿಯ ಹತ್ತಿರ ಕೂಗಿದ. ಒಂದು ಇಂಚಿನ ಸಾವಿರ ಭಾಗದಲ್ಲಿ ಒಂಬತ್ತು ಭಾಗ ದಪ್ಪ ಎಂದು ಅದರ ಲೆಕ್ಕ.

ಅಪ್ಪ ನಂಬಲಿಲ್ಲ. ನೂಲಿನಲ್ಲಿ ಒಂಬತ್ತು ಎಂದರೆ ಹಗ್ಗಕ್ಕೆ ಸಮ. ಒಂದು ಪೌಂಡ್ ಹತ್ತಿಯಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆ ಎಂಬುದು ಅಲ್ಲಿಯ ಕೌಂಟ್, ಅಂಕಿ ಏರಿದಷ್ಟೂ ಎಳೆ ತೆಳುವಾಗಬೇಕು. "ಇಷ್ಟು ಸಣ್ಣ ಎಳೆಗೆ ಒಂಬತ್ತು ಎಂದು ಹೆಸರಿಟ್ಟವನು ಯಾರು? ಒಂಬತ್ತಂತೂ ಅಲ್ಲವೇ ಅಲ್ಲ ಇದು," ಎಂದು ಅಲ್ಲೇ ಸ್ಟೂಲಿನ ಮೇಲೆ ಕುಳಿತರು. ಬೇಸ್ ಗಿಟಾರಿನ ಹುಡುಗ ತನ್ನ ದಪ್ಪ ತಂತಿ ತೋರಿಸಿ ಅದು ನೂರ ಐದು ಎಂದಾಗ ಜಗಳ ಇನ್ನಷ್ಟು ಬೆಳೆಯಿತು. ಆ ಭಾನುವಾರ ಮತ್ತೆ ಹಾಡು ಶುರುವಾಗಲಿಲ್ಲ.